ಸೂರ್ಯಾಸ್ತದ ಕಡಲಲ್ಲಿ ಬೇಡಿ ತೊಟ್ಟ ಕಾಲು

ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಕಡಲಿನ ಒಂದು ತೈಲವರ್ಣಚಿತ್ರವಿದೆ. ಎತ್ತರ ಸುಮಾರು 91 ಸೆಂಟಿಮೀಟರ್, ಅಗಲ ಸುಮಾರು 123 ಸೆಂಟಿಮೀಟರ್. ಕೋಣೆಯ ಬಾಗಿಲಲ್ಲಿ ನಿಂತು ನೋಡಿದವರಿಗೆ ಕಾಣುವುದು ಸೂರ್ಯಾಸ್ತ ಮಾತ್ರ. ಚಿತ್ರದ ನಡುವೆ ಬೆಂಕಿಯ ಕಂಬದಂತೆ ಬೆಳಕು ಇಳಿದಿದೆ. ಅದರ ಎರಡೂ ಬದಿಗೆ ಕೆಂಪು, ಕಿತ್ತಳೆ, ಹಳದಿ ಬಣ್ಣಗಳು ಆಕಾಶದಿಂದ ನೀರಿಗೆ, ನೀರಿನಿಂದ ಆಕಾಶಕ್ಕೆ ಹರಿದಾಡಿವೆ. ಎಡಗಡೆ ದೂರದಲ್ಲಿ ಹಾಯಿ ಇಳಿಸಿದ ಹಡಗೊಂದು ಅಲೆಗಳ ನಡುವೆ ತೂಗಾಡುತ್ತಿದೆ. ಅದರ ಹಿಂದೆ ಬಿರುಗಾಳಿ ಕವಿಯುತ್ತಿದೆ.

ಚಿತ್ರದ ಹತ್ತಿರ ಹೋದಂತೆ ಬೇರೆಯ ಸಂಗತಿಗಳು ಕಣ್ಣಿಗೆ ಬೀಳತೊಡಗುತ್ತವೆ. ಕೆಳಗೆ ಬಲಮೂಲೆಯಲ್ಲಿ ಮೀನುಗಳು ಮುತ್ತಿವೆ, ಕಡಲಹಕ್ಕಿಗಳು ಎರಗುತ್ತಿವೆ. ಅವುಗಳ ನಡುವೆ ನೀರಿನಿಂದ ಮೇಲೆದ್ದು ನಿಂತಿರುವುದು ಮನುಷ್ಯನ ಒಂದು ಕಾಲು. ಅದಕ್ಕೆ ಕಬ್ಬಿಣದ ಬೇಡಿಯಿದೆ. ಅತ್ತಿತ್ತ ನೋಡಿದರೆ ನೊರೆಯ ನಡುವೆ ಕೈಗಳು, ಸರಪಳಿಗಳು. ಸೂರ್ಯಾಸ್ತದ ಕೆಂಪು ಎಂದು ತಿಳಿದದ್ದು ಬರೀ ಸೂರ್ಯಾಸ್ತದ್ದಲ್ಲ ಎಂಬ ಅನುಮಾನ ಆಗ ನೋಡುಗನನ್ನು ಹಿಡಿಯುತ್ತದೆ.

ಇಂಗ್ಲೆಂಡಿನ ಚಿತ್ರಕಾರ ಜೋಸೆಫ್ ಮ್ಯಾಲಾರ್ಡ್ ವಿಲಿಯಂ ಟರ್ನರ್ ಈ ಚಿತ್ರವನ್ನು 1840ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ. ಇಂದು ಎಲ್ಲರೂ ಇದನ್ನು ‘ಗುಲಾಮರ ಹಡಗು’ ಎಂದು ಕರೆಯುತ್ತಾರೆ. ಟರ್ನರ್ ಇಟ್ಟ ಹೆಸರು ಉದ್ದವಾದದ್ದು: ‘ಸತ್ತವರನ್ನೂ ಸಾಯುತ್ತಿರುವವರನ್ನೂ ಕಡಲಿಗೆ ಎಸೆಯುತ್ತಿರುವ ಗುಲಾಮ ವ್ಯಾಪಾರಿಗಳು - ತೂಫಾನು ಬರುತ್ತಿದೆ’. ಚಿತ್ರದ ಭಾವವೊಂದು, ಹೆಸರು ಹೇಳುವ ಸಂಗತಿ ಇನ್ನೊಂದು. ಇವೆರಡರ ನಡುವಿನ ಬಿರುಕಿನಲ್ಲಿಯೇ ಈ ಕಲಾಕೃತಿಯ ಅರ್ಥವಿದೆ. ಅದನ್ನು ನೋಡಿದ ಹಲವರು, ಒಂದೂವರೆ ಶತಮಾನದುದ್ದಕ್ಕೂ, ಕಡಲನ್ನು ಮಾತ್ರ ಕಂಡರು ಎಂಬುದೂ ಅದರ ಚರಿತ್ರೆಯ ಒಂದು ಭಾಗವೇ ಆಗಿದೆ.

ಕ್ಷೌರಿಕನ ಮಗ

ಟರ್ನರ್ ಹುಟ್ಟಿದ್ದು 1775ರಲ್ಲಿ, ಲಂಡನ್ನಿನ ಕೋವೆಂಟ್ ಗಾರ್ಡನ್ ಬಡಾವಣೆಯಲ್ಲಿ. ತಂದೆ ಕ್ಷೌರಿಕ. ಹುಡುಗ ಬರೆದ ಚಿತ್ರಗಳನ್ನು ಆತ ತನ್ನ ಅಂಗಡಿಯಲ್ಲಿಯೇ ತೂಗುಹಾಕಿ ಮಾರುತ್ತಿದ್ದ. ಹದಿನಾಲ್ಕನೆಯ ವಯಸ್ಸಿನಲ್ಲಿ ಟರ್ನರ್ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ. 1796ರಲ್ಲಿ ಅವನು ಪ್ರದರ್ಶಿಸಿದ ಮೊದಲ ತೈಲಚಿತ್ರವೇ ಕಡಲಿನದು: ಬೆಳದಿಂಗಳಲ್ಲಿ ಮೀನು ಹಿಡಿಯುವವರ ದೋಣಿ. 1802ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅಕಾಡೆಮಿಯ ಪೂರ್ಣ ಸದಸ್ಯನಾದ. 1851ರಲ್ಲಿ ಸಾಯುವವರೆಗೂ ಕಡಲು ಅವನನ್ನು ಬಿಡಲಿಲ್ಲ. ಬಿರುಗಾಳಿಯನ್ನು ಕಣ್ಣಾರೆ ನೋಡಲೆಂದು ನಾಲ್ಕು ಗಂಟೆಗಳ ಕಾಲ ಹಡಗಿನ ಕಂಬಕ್ಕೆ ತನ್ನನ್ನು ಕಟ್ಟಿಸಿಕೊಂಡಿದ್ದನೆಂಬ ಕಥೆಯೂ ಇದೆ. ಅದು ನಿಜವೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೂ ಕಥೆ ಹುಟ್ಟಿದ್ದು ಟರ್ನರನ ಬಗೆಗೇ ಎಂಬುದು ಗಮನಾರ್ಹ.

ಅವನ ಕಾಲವನ್ನು ಯುರೋಪಿನ ಕಲೆಯ ಚರಿತ್ರೆಯಲ್ಲಿ ರಮ್ಯಯುಗ ಎನ್ನುತ್ತಾರೆ. ಅಳತೆ, ಸಮತೋಲ, ಬುದ್ಧಿ ಇವುಗಳಿಗೆ ಹಿಂದಿನ ಪೀಳಿಗೆ ಕೊಟ್ಟ ಸ್ಥಾನವನ್ನು ರಮ್ಯಯುಗದವರು ಭಾವಕ್ಕೆ ಕೊಟ್ಟರು. ಮನುಷ್ಯನ ಅಳತೆಗೆ ಸಿಗದ ಪರ್ವತ, ಹಿಮ, ಪ್ರಪಾತ, ಕಡಲು ಅವರಿಗೆ ಬಲು ಪ್ರಿಯವಾದವು. ಇದಕ್ಕೆ ತಾತ್ವಿಕವಾದ ನೆಲೆಯನ್ನು 1757ರಲ್ಲಿಯೇ ಎಡ್ಮಂಡ್ ಬರ್ಕ್ ಒದಗಿಸಿದ್ದ. ಸುಂದರವಾದದ್ದು ಬೇರೆ, ಭವ್ಯವಾದದ್ದು ಬೇರೆ ಎಂಬುದು ಅವನ ವಾದ. ಸುಂದರವಾದದ್ದು ಮನಸ್ಸಿಗೆ ಹಿತ ಕೊಡುತ್ತದೆ, ಭವ್ಯವಾದದ್ದು ಹೆದರಿಸುತ್ತದೆ. ಆ ಹೆದರಿಕೆಯೂ ಒಂದು ಬಗೆಯ ಆನಂದವಾಗಬಲ್ಲುದು. ಆದರೆ ಒಂದು ಷರತ್ತು: ನೋಡುವವನು ಸುರಕ್ಷಿತ ದೂರದಲ್ಲಿರಬೇಕು. ದಡದ ಮೇಲೆ ನಿಂತವನಿಗೆ ಬಿರುಗಾಳಿಯ ಕಡಲು ಭವ್ಯ. ಅದರಲ್ಲಿ ಮುಳುಗುತ್ತಿರುವವನಿಗೆ ಅದು ಸಾವು, ಅಷ್ಟೆ.

ಈ ಷರತ್ತನ್ನು ನೆನಪಿಟ್ಟುಕೊಂಡರೆ ಟರ್ನರನ ಚಿತ್ರದ ಬಾಗಿಲು ತೆರೆದುಕೊಳ್ಳುತ್ತದೆ.

ನೀರಿಲ್ಲವೆಂಬ ನೆಪ

ಚಿತ್ರದ ಹಿಂದಿರುವ ಘಟನೆ ಟರ್ನರ್ ಆರು ವರ್ಷದ ಹುಡುಗನಾಗಿದ್ದಾಗ ನಡೆದದ್ದು. 1781ರ ಆಗಸ್ಟಿನಲ್ಲಿ ‘ಜಾಂಗ್’ ಎಂಬ ಹಡಗು ಆಫ್ರಿಕದ ಅಕ್ರಾದಿಂದ 442 ಜನ ಗುಲಾಮರನ್ನು ತುಂಬಿಕೊಂಡು ಹೊರಟಿತು. ಹಡಗಿನ ಗಾತ್ರಕ್ಕೆ ಇದು ತೀರ ಹೆಚ್ಚಿನ ಸಂಖ್ಯೆ. ಇದು ಮೂಲತಃ ಡಚ್ಚರ ಹಡಗು; ಅವರು ಅದಕ್ಕಿಟ್ಟಿದ್ದ ಹೆಸರು ‘ಜೋರ್ಗ್’, ಎಂದರೆ ಆರೈಕೆ. ಲಿವರ್‌ಪೂಲಿನ ವ್ಯಾಪಾರಿಗಳ ಕೂಟವೊಂದು ಅದನ್ನು ಕೊಂಡಿತ್ತು. ನಾಯಕ ಲ್ಯೂಕ್ ಕಾಲಿಂಗ್‌ವುಡ್. ಅದಕ್ಕೆ ಮೊದಲು ಅವನು ಗುಲಾಮರ ಹಡಗಿನ ವೈದ್ಯನಾಗಿದ್ದವನು; ಹಡಗು ನಡೆಸಿದ ಅನುಭವ ಇರಲಿಲ್ಲ.

ಹಡಗಿನಲ್ಲಿ ರೋಗ ಹರಡಿತು. ಗುಲಾಮರೂ ನಾವಿಕರೂ ಸಾಯತೊಡಗಿದರು. ಇದರ ಜೊತೆಗೆ ಜಮೈಕಾ ದ್ವೀಪವನ್ನು ಬೇರೊಂದು ದ್ವೀಪವೆಂದು ತಪ್ಪಾಗಿ ತಿಳಿದು ಹಡಗು ಅದನ್ನು ದಾಟಿ ಮುಂದೆ ಹೋಯಿತು. ಕುಡಿಯುವ ನೀರು ಸಾಲದು ಎಂಬ ಮಾತು ಹುಟ್ಟಿತು. ನವೆಂಬರ್ 29ರಿಂದ ಆರಂಭಿಸಿ, ಕೆಲವು ದಿನಗಳ ಅಂತರದಲ್ಲಿ, ಸುಮಾರು 130 ಜನರನ್ನು ಜೀವಂತವಾಗಿ ಕಡಲಿಗೆ ಎಸೆಯಲಾಯಿತು. ಮೊದಲು ಎಸೆದದ್ದು ಹೆಂಗಸರನ್ನೂ ಮಕ್ಕಳನ್ನೂ. ಕೊನೆಯಲ್ಲಿ ಹತ್ತು ಮಂದಿ, ತಮ್ಮನ್ನು ಎಸೆಯುವ ಮೊದಲೇ ತಾವಾಗಿ ಹಾರಿದರು. ಡಿಸೆಂಬರ್ 22ರಂದು ಹಡಗು ಜಮೈಕಾ ತಲುಪಿದಾಗ ಅದರಲ್ಲಿ 208 ಗುಲಾಮರು ಉಳಿದಿದ್ದರು. 420 ಗ್ಯಾಲನ್ ನೀರೂ ಉಳಿದಿತ್ತು.

ಹಾಗಿದ್ದರೆ ಅವರನ್ನು ಎಸೆದದ್ದೇಕೆ? ಉತ್ತರ ವಿಮೆಯ ಕರಾರಿನಲ್ಲಿದೆ. ಕಾನೂನಿನ ದೃಷ್ಟಿಯಲ್ಲಿ ಗುಲಾಮರು ಸರಕು. ಸರಕು ತಾನಾಗಿ ಕೆಟ್ಟರೆ, ಎಂದರೆ ಗುಲಾಮ ರೋಗದಿಂದ ಸತ್ತರೆ, ನಷ್ಟ ಮಾಲೀಕನದು. ಆದರೆ ಹಡಗನ್ನು ಉಳಿಸುವ ಸಲುವಾಗಿ ಸರಕಿನ ಒಂದು ಭಾಗವನ್ನು ಕಡಲಿಗೆ ಎಸೆಯಬೇಕಾಗಿ ಬಂದರೆ ಆ ನಷ್ಟವನ್ನು ವಿಮೆಗಾರರು ತುಂಬಿಕೊಡಬೇಕು. ಹಾಸಿಗೆಯಲ್ಲಿ ಸತ್ತವನಿಗೆ ಬೆಲೆಯಿಲ್ಲ. ಕಡಲಿಗೆ ಎಸೆಯಲ್ಪಟ್ಟವನಿಗೆ ಬೆಲೆಯುಂಟು. ತಲೆಗೆ 30 ಪೌಂಡಿನಂತೆ ಮಾಲೀಕರು ಪರಿಹಾರ ಕೇಳಿದರು. ವಿಮೆಗಾರರು ಕೊಡಲೊಪ್ಪಲಿಲ್ಲ. ವಿಷಯ ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು.

1783ರ ಮಾರ್ಚಿನಲ್ಲಿ ಜ್ಯೂರಿ ಮಾಲೀಕರ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಮೆಗಾರರ ಮನವಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ಬಂತು. ಗುಲಾಮರನ್ನು ಎಸೆದದ್ದೂ ಕುದುರೆಗಳನ್ನು ಎಸೆದದ್ದೂ ಒಂದೇ ಎಂಬುದರಲ್ಲಿ ಜ್ಯೂರಿಗೆ ಸಂಶಯವಿರಲಿಲ್ಲ ಎಂದು ಆತ ಹೇಳಿದ. ನಡುವೆ ಮಳೆ ಬಿದ್ದು ನೀರು ಸಂಗ್ರಹವಾದ ಮೇಲೂ ಜನರನ್ನು ಎಸೆಯಲಾಗಿತ್ತೆಂಬ ಸಂಗತಿ ಈ ವಿಚಾರಣೆಯಲ್ಲಿ ಹೊರಬಂತು. ಮರುವಿಚಾರಣೆಗೆ ಅನುಮತಿ ಸಿಕ್ಕಿತು. ಅದು ನಡೆದ ದಾಖಲೆಯಿಲ್ಲ. ಕೊಲೆಯ ಮೊಕದ್ದಮೆಯಂತೂ ಯಾರ ಮೇಲೂ ನಡೆಯಲಿಲ್ಲ. ಕಾಲಿಂಗ್‌ವುಡ್ ಜಮೈಕಾದಲ್ಲಿಯೇ ತೀರಿಕೊಂಡಿದ್ದ. ಹಡಗಿನ ದಿನಚರಿ ಪುಸ್ತಕ ಕಾಣೆಯಾಗಿತ್ತು.

ಸುದ್ದಿ ಹೊರಜಗತ್ತಿಗೆ ತಿಳಿದದ್ದು ಒಬ್ಬ ಮಾಜಿ ಗುಲಾಮನಿಂದ. ತನ್ನ ಬಿಡುಗಡೆಯನ್ನು ತಾನೇ ಹಣ ಕೊಟ್ಟು ಕೊಂಡುಕೊಂಡಿದ್ದ ಒಲೌಡಾ ಎಕ್ವಿಯಾನೊ ಈ ಮೊಕದ್ದಮೆಯ ವಿಷಯವನ್ನು ಗುಲಾಮಗಿರಿಯ ವಿರೋಧಿ ಗ್ರ್ಯಾನ್‌ವಿಲ್ ಶಾರ್ಪ್‌ಗೆ ತಿಳಿಸಿದ. ವಿಮೆಯ ಜಗಳವಾಗಿ ಮುಗಿದುಹೋಗಬಹುದಾಗಿದ್ದ ಸಂಗತಿ ಗುಲಾಮಗಿರಿಯ ವಿರುದ್ಧದ ಚಳವಳಿಯ ಬಹುದೊಡ್ಡ ಸಾಕ್ಷ್ಯವಾಯಿತು.

1840ರಲ್ಲಿ ಏಕೆ?

ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು. ತನ್ನ ಬಹುಪಾಲು ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ಕೊನೆಗೊಳಿಸುವ ಕಾನೂನನ್ನು 1833ರಲ್ಲಿ ಮಾಡಿತು. ಅದರ ಜೊತೆಗೆ 2 ಕೋಟಿ ಪೌಂಡ್ ಪರಿಹಾರವನ್ನೂ ಕೊಟ್ಟಿತು. ಆ ಹಣ ಹೋದದ್ದು ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಇದಕ್ಕಾಗಿ ಮಾಡಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ.

ಹೀಗಿರುವಾಗ ಸುಮಾರು ಅರವತ್ತು ವರ್ಷ ಹಿಂದಿನ ಘಟನೆಯನ್ನು ಟರ್ನರ್ 1840ರಲ್ಲಿ ಎತ್ತಿಕೊಂಡದ್ದೇಕೆ ಎಂಬ ಪ್ರಶ್ನೆ ಬರುತ್ತದೆ. ಚಳವಳಿಯ ನಾಯಕ ಥಾಮಸ್ ಕ್ಲಾರ್ಕ್‌ಸನ್ ಬರೆದ ಇತಿಹಾಸದ ಹೊಸ ಮುದ್ರಣ 1839ರಲ್ಲಿ ಹೊರಬಂದಿತ್ತು. ಜಾಂಗ್ ಹಡಗಿನ ಕಥೆ ಅದರಲ್ಲಿದೆ. ಟರ್ನರ್ ಅದನ್ನು ಓದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. 1840ರ ಜೂನಿನಲ್ಲಿ ಗುಲಾಮಗಿರಿಯ ವಿರುದ್ಧ ಜಾಗತಿಕ ಸಮ್ಮೇಳನವೊಂದು ಲಂಡನ್ನಿನಲ್ಲಿಯೇ ನಡೆಯಿತು. ಅದಕ್ಕಿಂತ ಮುಖ್ಯವಾದ ಕಾರಣ, ಆ ವ್ಯಾಪಾರ ಇನ್ನೂ ನಿಂತಿರಲಿಲ್ಲ. ಬ್ರೆಜಿಲಿಗೂ ಕ್ಯೂಬಾಕ್ಕೂ ಗುಲಾಮರನ್ನು ಕದ್ದು ಸಾಗಿಸಲಾಗುತ್ತಿತ್ತು. ಬ್ರಿಟಿಷ್ ನೌಕಾಪಡೆ ಬೆನ್ನಟ್ಟಿ ಬಂದಾಗ ಸಾಕ್ಷ್ಯ ಅಳಿಸಲು ಗುಲಾಮರನ್ನು ನೀರಿಗೆ ಎಸೆಯುವ ಹಡಗುಗಳೂ ಇದ್ದವು. ಚಿತ್ರದಲ್ಲಿ ಹಡಗಿನ ಹೆಸರಿಲ್ಲ, ವರ್ಷವಿಲ್ಲ. ಅದು ಜಾಂಗ್ ಆಗಿರಬಹುದು. ಪ್ರದರ್ಶನ ನಡೆಯುತ್ತಿದ್ದ ದಿನವೇ ಅಟ್ಲಾಂಟಿಕ್ ದಾಟುತ್ತಿದ್ದ ಇನ್ನಾವುದೋ ಹಡಗೂ ಆಗಿರಬಹುದು.

ಟರ್ನರನ ಕೈಯೂ ಪೂರ್ತಿ ಶುದ್ಧವಾಗಿರಲಿಲ್ಲ. 1805ರಲ್ಲಿ ಅವನು ಜಮೈಕಾದ ಜಾನುವಾರು ಸಾಕಣೆಯ ಉದ್ಯಮವೊಂದರಲ್ಲಿ 100 ಪೌಂಡ್ ತೊಡಗಿಸಿದ್ದ. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಈ ಸಂಗತಿ ಬೆಳಕಿಗೆ ಬಂದದ್ದು ಇತ್ತೀಚಿನ ದಶಕಗಳ ಸಂಶೋಧನೆಯಿಂದ. ಮೂವತ್ತೈದು ವರ್ಷಗಳ ನಂತರದ ಚಿತ್ರ ಪ್ರಾಯಶ್ಚಿತ್ತವೇ ಎಂದು ಕೇಳಿದರೆ ಉತ್ತರ ಕೊಡುವ ಪತ್ರವಾಗಲಿ ದಿನಚರಿಯಾಗಲಿ ಇಲ್ಲ. ಆದರೆ ಪ್ರದರ್ಶನದ ಪಟ್ಟಿಯಲ್ಲಿ ಚಿತ್ರದ ಹೆಸರಿನ ಕೆಳಗೆ ಟರ್ನರ್ ತನ್ನದೇ ಕೆಲವು ಪದ್ಯಸಾಲುಗಳನ್ನು ಅಚ್ಚು ಮಾಡಿಸಿದ್ದ. ಅವು ಮುಗಿಯುವುದು ಮಾರುಕಟ್ಟೆಯ ಮಾತಿನೊಂದಿಗೆ. ಕಡಲಲ್ಲಿ ಮುಳುಗುತ್ತಿರುವುದಕ್ಕೂ ಪೇಟೆಯ ದರಕ್ಕೂ ಸಂಬಂಧವಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನೋಡುಗನ ಕಾಲ ಕೆಳಗೆ ನೆಲವಿಲ್ಲ

ಗುಲಾಮಗಿರಿಯ ವಿರುದ್ಧ ಆ ಕಾಲದಲ್ಲಿ ಬಂದ ಚಿತ್ರಗಳು ಅನೇಕ. ಬೇಡಿ ತೊಟ್ಟು ಮಂಡಿಯೂರಿ ಕೈಮುಗಿದ ಗುಲಾಮನ ಚಿತ್ರವಂತೂ ಪದಕಗಳ ಮೇಲೆ, ಪಿಂಗಾಣಿಯ ಪಾತ್ರೆಗಳ ಮೇಲೆ ಎಲ್ಲೆಲ್ಲೂ ಇತ್ತು. ಅಂಥ ಚಿತ್ರ ನೋಡಿದ ಕ್ಷಣವೇ ಕರುಣೆ ಹುಟ್ಟುತ್ತದೆ. ಕರುಣೆ ತೋರಿದ ತೃಪ್ತಿಯೂ ಜೊತೆಗೇ ಬರುತ್ತದೆ.

ಟರ್ನರ್ ಬೇರೆ ದಾರಿ ಹಿಡಿದ. ಅವನು ಮೊದಲು ಕಣ್ಣಿಗೆ ಹಬ್ಬ ಮಾಡಿಸುತ್ತಾನೆ. ಬಣ್ಣಗಳಿಗೆ ಮನಸೋತು ನೋಡುಗ ಹತ್ತಿರ ಬರುತ್ತಾನೆ. ಬಂದ ಮೇಲೆ ಕಾಲು ಕಾಣುತ್ತದೆ, ಕೈ ಕಾಣುತ್ತದೆ. ಭಾರತೀಯ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಅದ್ಭುತದಿಂದ ಆರಂಭವಾದದ್ದು ಭಯಾನಕವನ್ನು ಹಾಯ್ದು ಬೀಭತ್ಸಕ್ಕೆ ಮುಟ್ಟುತ್ತದೆ. ಕರುಣ ಬರುವುದು ಎಲ್ಲಕ್ಕೂ ಕೊನೆಗೆ, ಅದೂ ನಾಚಿಕೆಯ ಜೊತೆಗೆ. ಇಷ್ಟು ಹೊತ್ತು ತಾನು ಮೆಚ್ಚಿದ್ದು ಏನನ್ನು ಎಂಬ ನಾಚಿಕೆ ಅದು.

ಚಿತ್ರದ ರಚನೆಯೂ ಇದಕ್ಕೆ ಹೊಂದುತ್ತದೆ. ಕಡಲಚಿತ್ರಗಳಲ್ಲಿ ಸಾಮಾನ್ಯವಾಗಿ ಕೆಳಗಡೆ ಒಂದು ದಡವೋ ಬಂಡೆಯೋ ದೋಣಿಯ ಅಂಚೋ ಇರುತ್ತದೆ. ನೋಡುಗ ಮನಸ್ಸಿನಲ್ಲಿ ಅಲ್ಲಿ ನಿಂತು ಕಡಲನ್ನು ನೋಡುತ್ತಾನೆ. ಈ ಚಿತ್ರದಲ್ಲಿ ಅಂಥ ನೆಲವೇ ಇಲ್ಲ. ಅಂಚಿನಿಂದ ಅಂಚಿಗೆ ನೀರು. ಹಡಗು ದೂರದಲ್ಲಿದೆ, ಬೇಡಿಯ ಕಾಲು ಹತ್ತಿರದಲ್ಲಿದೆ. ಎಂದರೆ ನೋಡುಗ ಇರುವುದು ಹಡಗಿನವರ ಜೊತೆಗಲ್ಲ, ಎಸೆಯಲ್ಪಟ್ಟವರ ಜೊತೆಗೆ, ನೀರಿನಲ್ಲಿ. ಬರ್ಕ್ ಹೇಳಿದ ಸುರಕ್ಷಿತ ದೂರವನ್ನು ಟರ್ನರ್ ಕಿತ್ತುಹಾಕಿದ್ದಾನೆ. ಬಾಗಿಲಲ್ಲಿ ನಿಂತಾಗ ಭವ್ಯವೆನಿಸಿದ ಕಡಲು ಹತ್ತಿರ ಹೋದಾಗ ಭವ್ಯವಾಗಿ ಉಳಿಯುವುದಿಲ್ಲ.

ಕಬ್ಬಿಣದ ಸರಪಳಿ ನೀರಿನ ಮೇಲೆ ತೇಲುವುದುಂಟೇ ಎಂದು ಆಕ್ಷೇಪಿಸಿದವರಿದ್ದಾರೆ. ತೇಲುವುದಿಲ್ಲ, ನಿಜ. ಆದರೆ ಮುಳುಗಬೇಕಾದದ್ದನ್ನು ಮುಳುಗಗೊಡದೆ ಮೇಲೆ ಹಿಡಿದು ತೋರಿಸುವುದೇ ಈ ಚಿತ್ರದ ಕೆಲಸವೆಂದು ಭಾವಿಸಿದರೆ ಆಕ್ಷೇಪಕ್ಕೆ ಹೆಚ್ಚು ಬೆಲೆ ಉಳಿಯುವುದಿಲ್ಲ. ಬರಲಿರುವ ತೂಫಾನಿಗೂ ಅರ್ಥವಿದೆ. ಸರಕನ್ನು ಎಸೆದು ಉಳಿಯಹೊರಟ ಹಡಗು ಕೂಡ ಅದರ ಬಾಯಿಗೇ ಹೋಗುತ್ತಿದೆ.

ಅಡಿಟಿಪ್ಪಣಿಗೆ ಇಳಿದವರು

ಪ್ರದರ್ಶನದಲ್ಲಿ ಚಿತ್ರಕ್ಕೆ ಸಿಕ್ಕಿದ್ದು ಹೆಚ್ಚಾಗಿ ಅಪಹಾಸ್ಯ. ಕಾದಂಬರಿಕಾರ ಥ್ಯಾಕರೆ ಇದು ಭವ್ಯವೋ ಹಾಸ್ಯಾಸ್ಪದವೋ ತನಗೆ ತಿಳಿಯುತ್ತಿಲ್ಲವೆಂದು ಬರೆದ. ಮುಂದೆ ಅಮೆರಿಕಕ್ಕೆ ಹೋದಾಗಲೂ ಇದೇ ಗತಿ. ಟೊಮೆಟೊ ತುಂಬಿದ ತಟ್ಟೆಯಲ್ಲಿ ಬೆಕ್ಕೊಂದು ಒದ್ದಾಡಿದಂತಿದೆ ಎಂದು ಬಾಸ್ಟನ್ನಿನ ಪತ್ರಕರ್ತನೊಬ್ಬ ಹೇಳಿದ ಮಾತನ್ನು ಮಾರ್ಕ್ ಟ್ವೇನ್ ತನ್ನ ಪ್ರವಾಸಕಥನದಲ್ಲಿ ಸೇರಿಸಿ ಪ್ರಸಿದ್ಧಗೊಳಿಸಿದ.

ಚಿತ್ರವನ್ನು ಎತ್ತಿಹಿಡಿದವನು ಯುವ ವಿಮರ್ಶಕ ಜಾನ್ ರಸ್ಕಿನ್. ಟರ್ನರನ ಕೀರ್ತಿ ಒಂದೇ ಕೃತಿಯ ಮೇಲೆ ನಿಲ್ಲಬೇಕಾದರೆ ತಾನು ಇದನ್ನೇ ಆರಿಸುವೆನೆಂದು 1843ರಲ್ಲಿ ಅವನು ಬರೆದ. ಅಲೆಗಳ ಏರಿಳಿತವನ್ನು, ಅವುಗಳ ಮೇಲೆ ಬಿದ್ದ ಬೆಳಕನ್ನು, ನೆರಳಿನ ಆಳವನ್ನು ಅವನು ವರ್ಣಿಸಿದ ಪುಟ ಇಂಗ್ಲಿಷ್ ಗದ್ಯದಲ್ಲಿ ಹೆಸರಾದದ್ದು. ಮರುವರ್ಷದ ಹೊಸವರ್ಷದ ದಿನ ತಂದೆ ಆ ಚಿತ್ರವನ್ನೇ ಕೊಂಡು ಮಗನಿಗೆ ಉಡುಗೊರೆಯಾಗಿ ಕೊಟ್ಟ.

ಆದರೆ ಆ ಪ್ರಸಿದ್ಧ ವರ್ಣನೆಯಲ್ಲಿ ಒಂದು ವಿಚಿತ್ರವಿದೆ. ಇದು ಗುಲಾಮರ ಹಡಗು, ಗುಲಾಮರನ್ನು ಕಡಲಿಗೆ ಎಸೆಯುತ್ತಿದೆ ಎಂಬ ಸಂಗತಿಯನ್ನು ರಸ್ಕಿನ್ ಹೇಳಿದ್ದು ಪುಟದ ಕೆಳಗಿನ ಅಡಿಟಿಪ್ಪಣಿಯಲ್ಲಿ. ಮೇಲೆ ಕಡಲು, ಕೆಳಗೆ ಸಣ್ಣ ಅಕ್ಷರದಲ್ಲಿ ಮನುಷ್ಯರು. ಅವನಿಗೆ ಸಂಗತಿ ತಿಳಿದಿರಲಿಲ್ಲವೆಂದಲ್ಲ. ಚಿತ್ರದ ವಸ್ತುವಿನ ನೋವನ್ನು ಮನೆಯಲ್ಲಿಟ್ಟುಕೊಂಡು ಬಾಳಲಾರದೆ ಅದನ್ನು ಮಾರಿದನೆಂದು ಹೇಳಲಾಗಿದೆ. 1869ರ ಹರಾಜಿನಲ್ಲಿ ಕೊಳ್ಳುವವರಿರಲಿಲ್ಲ. 1872ರಲ್ಲಿ ಚಿತ್ರ ಅಮೆರಿಕಕ್ಕೆ ಹೋಯಿತು. ಬಾಸ್ಟನ್ ವಸ್ತುಸಂಗ್ರಹಾಲಯ ಅದನ್ನು ಕೊಂಡದ್ದು 1899ರಲ್ಲಿ.

ರಸ್ಕಿನ್ನನ ಅಡಿಟಿಪ್ಪಣಿಯನ್ನು ಮತ್ತೆ ಎತ್ತಿ ತೋರಿಸಿದವರಲ್ಲಿ ಗಯಾನಾದಲ್ಲಿ ಹುಟ್ಟಿದ ಕವಿ ಡೇವಿಡ್ ಡಾಬಿಡೀನ್ ಒಬ್ಬರು. ಆ ಟಿಪ್ಪಣಿಯೇ ಹಡಗಿನಿಂದ ಹೊರಗೆಸೆದ ವಸ್ತುವಿನಂತಿದೆ ಎಂಬುದು ಅವರ ಮಾತು. 1994ರಲ್ಲಿ ಅವರು ‘ಟರ್ನರ್’ ಎಂಬ ನೀಳ್ಗವಿತೆ ಪ್ರಕಟಿಸಿದರು. ಅದರಲ್ಲಿ ಮಾತನಾಡುವುದು ಈ ಚಿತ್ರದ ನೀರಿನಲ್ಲಿ ಮುಳುಗಿರುವ ಆಫ್ರಿಕನ್. ಡಾಬಿಡೀನರ ಹಿರಿಯರು ಭಾರತದವರು. ಗುಲಾಮಗಿರಿ ಕೊನೆಗೊಂಡಾಗ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. ಕರಾರಿನ ಕೂಲಿಗಳಾಗಿ ಭಾರತೀಯರನ್ನು ಹೊತ್ತ ಮೊದಲ ಎರಡು ಹಡಗುಗಳು ಗಯಾನಾ ತಲುಪಿದ್ದು 1838ರ ಮೇ ತಿಂಗಳಲ್ಲಿ, ಟರ್ನರನ ಚಿತ್ರ ಪ್ರದರ್ಶನಕ್ಕೆ ಬರುವ ಎರಡು ವರ್ಷ ಮೊದಲು. ಆ ಕಡಲಿನ ಕಥೆ ಭಾರತಕ್ಕೆ ಪೂರ್ತಿ ಪರಕೀಯವಲ್ಲ.

ಅಟ್ಲಾಂಟಿಕ್ ದಾಟಿಸಲು ಆಫ್ರಿಕದಲ್ಲಿ ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ ಮಂದಿ ಎಂದು ಹಡಗುಗಳ ದಾಖಲೆಗಳನ್ನು ಜೋಡಿಸಿದ ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ದಾರಿಯಲ್ಲಿಯೇ ಸತ್ತವರು ಸುಮಾರು 18 ಲಕ್ಷ. ಅವರಲ್ಲಿ ಬಹುಪಾಲು ಜನರ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಲೆಕ್ಕದ ಪುಸ್ತಕ ಅವರನ್ನು ಸರಕೆಂದು ಕಂಡಿತು. ನ್ಯಾಯಾಲಯ ಕುದುರೆಗಳಂತೆ ಕಂಡಿತು. ರಸಿಕರ ಕಣ್ಣು ಸೂರ್ಯಾಸ್ತದಲ್ಲಿ ಸಿಕ್ಕಿಬಿದ್ದು ಅವರನ್ನು ಕಾಣದೇ ಹೋಯಿತು. ಟರ್ನರ್ ಅವರಿಗೆ ಹೆಸರು ಕೊಡಲಿಲ್ಲ, ಮುಖವನ್ನೂ ಕೊಡಲಿಲ್ಲ. ಒಂದು ಕಾಲನ್ನು ಮಾತ್ರ ಅಲೆಗಳ ಮೇಲೆ ಉಳಿಸಿದ. ನೂರೆಂಬತ್ತು ವರ್ಷಗಳಿಗೂ ಮಿಕ್ಕಿ ಕಾಲ ಕಳೆದರೂ ಅದು ಮುಳುಗಿಲ್ಲ.